112: ಒಂದೇ ನಂಬರ್, ಒಂದೇ ಠಾಣೆ, ಎರಡು ರಾತ್ರಿ

ಮಿಕ್ಸಿಗೆ, ಹೋಟೆಲಿಗೆ, ಕೊರಿಯರ್‌ನವರಿಗೆ ಸ್ಟಾರ್ ಕೊಟ್ಟು ಅಭ್ಯಾಸವಿದೆ. ಪೊಲೀಸರಿಗೆ ಕೊಡುತ್ತೇನೆ ಅಂದುಕೊಂಡಿರಲಿಲ್ಲ. ನನ್ನದು ಕೋರ್ಟ್ ಪಕ್ಕದಲ್ಲಿ ಝೆರಾಕ್ಸ್ ಅಂಗಡಿ. ಎಫ್‌ಐಆರ್, ಜಾಮೀನು ಅರ್ಜಿ, ಪಹಣಿ ಎಲ್ಲಾ ದಿನಾ ನನ್ನ ಕೈಮೇಲೇ ಹೋಗುತ್ತವೆ. ಆದರೂ ಪೊಲೀಸರು ನಮ್ಮ ಮನೆ ಬಾಗಿಲಿಗೇ ಬಂದದ್ದು ಕಳೆದ ವರ್ಷ, ಎರಡು ಸಲ, ನನ್ನ ತಮ್ಮನ ಮಾನಸಿಕ ಕಾಯಿಲೆ ಜೋರಾದಾಗ. ಎರಡು ಸಲವೂ ಫೋನ್ ಹೋದದ್ದು 112ಕ್ಕೆ, ಬಂದದ್ದು ಅದೇ ಠಾಣೆಯ ಗಾಡಿ. ಮೊದಲನೇ ಸಲಕ್ಕೆ ಒಂದು ಸ್ಟಾರ್, ಎರಡನೇ ಸಲಕ್ಕೆ ನಾಲ್ಕು. ಕೂಡಿಸಿ ಭಾಗಿಸಿ ಎರಡೂವರೆ ಅಂತ ಹಾಕಿದರೆ ಎರಡು ರಾತ್ರಿಗೂ ಮೋಸ ಮಾಡಿದಂತೆ ಆಗುತ್ತದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಊರಿನ ಹೆಸರು, ಠಾಣೆಯ ಹೆಸರು ಹಾಕುವುದಿಲ್ಲ. ನನ್ನ ತಮ್ಮ ಇದೇ ಊರಲ್ಲಿ ಏಣಿ ಹೊತ್ತುಕೊಂಡು ಕೆಲಸಕ್ಕೆ ಹೋಗಬೇಕು. ಬೆಂಗಳೂರಿಗೆ ಹೋಗಬೇಕಾದರೆ ನೆಲಮಂಗಲ ದಾಟಿಕೊಂಡು ಹೋಗುವ ಊರು ಅಂದರೆ ಸಾಕು. ಇದನ್ನು ಬರೆಯುತ್ತೇನೆ ಅಂದಾಗ ಅವನು "ಬರಿ" ಅಂದ. ಬರೆದ ಮೇಲೆ ಓದಿ ಎರಡು ಕಡೆ ತಿದ್ದಿದ, ಎರಡೂ ಕರೆಂಟಿನ ವಿಷಯ.

ಅವನಿಗೆ 34. ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಕೈ ಚೊಕ್ಕ. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಮಿತಿಮೀರಿ ಏರಿ ಒಮ್ಮೆ ಕುಗ್ಗುವ ಕಾಯಿಲೆ ಇದೆ ಅಂತ ನಿಮ್ಹಾನ್ಸ್‌ನಲ್ಲಿ ಹೇಳಿದ್ದು 2016ರಲ್ಲಿ. ಲಿಥಿಯಂ ಮಾತ್ರೆ ನುಂಗಿಕೊಂಡು, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಇದ್ದಷ್ಟು ದಿನ ನಿಮ್ಮ ಮನೆಗೆ ವೈರಿಂಗಿಗೆ ಬಂದು ಹೋಗಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಮಾತ್ರೆ ನಿಂತರೆ ಮೊದಲು ನಿದ್ದೆ ಹೋಗುತ್ತದೆ. ಆಮೇಲೆ ಮಾತು ಜಾಸ್ತಿ, ಖರ್ಚು ಜಾಸ್ತಿ. ಆಮೇಲೆ ಇಡೀ ಬೀದಿಯ ಅರ್ಥಿಂಗ್ ಸರಿಯಿಲ್ಲ, ಅದನ್ನು ಸರಿಮಾಡುವುದು ತನ್ನ ಹೊಣೆ ಅಂತ ಶುರುವಾಗುತ್ತದೆ.

ಮೊದಲನೇ ರಾತ್ರಿ ಯುಗಾದಿಯ ಹಿಂದಿನ ವಾರ. "ಆರಾಮಾಗಿದೀನಲ್ಲ, ಇನ್ಯಾಕೆ" ಅಂತ ಮಾತ್ರೆ ಬಿಟ್ಟು ಒಂದೂವರೆ ತಿಂಗಳಾಗಿತ್ತು. ನಾನು ಗಂಡನ ಮನೆಯಲ್ಲಿದ್ದೆ, ಅದು ಊರಿನ ಇನ್ನೊಂದು ಮೂಲೆ. ಅವನು ಮೇನ್ ಇಳಿಸಿ, ಮನೆಯ ಅಷ್ಟೂ ಸ್ವಿಚ್‌ಬೋರ್ಡ್ ಬಿಚ್ಚಿ, ಗೋಡೆ ಒಡೆಯಲು ಶುರುಮಾಡಿದ್ದ. ಅಮ್ಮನಿಗೆ ಶಾಕ್ ಹೊಡೆದೀತು ಅಂತ ಅವಳನ್ನು ಅಡಿಗೆಮನೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ್ದ. ಅವಳಿಗೆ 68. ಕತ್ತಲಲ್ಲಿ ಹೆದರಿ ತಟ್ಟೆ ಬಡಿದಿದ್ದಾಳೆ. ರಾತ್ರಿ ಒಂಬತ್ತು ಗಂಟೆ, ಸುತ್ತಿಗೆ ಸದ್ದು, ಮುದುಕಿಯ ಕೂಗು. ಪಕ್ಕದ ಮನೆಯವರು 112ಕ್ಕೆ ಮಾಡಿ "ಮಗ ಕುಡಿದು ಬಂದು ತಾಯಿಗೆ ಹೊಡೀತಿದಾನೆ" ಅಂದರು. ಅವರನ್ನು ದೂರುವುದಿಲ್ಲ. ಗೋಡೆಯ ಈಚೆಯಿಂದ ಕೇಳಿದರೆ ನನಗೂ ಹಾಗೇ ಅನಿಸುತ್ತಿತ್ತು.

ಗಾಡಿ ಬಂದದ್ದು 14 ನಿಮಿಷಕ್ಕೆ, ಪಕ್ಕದ ಮನೆಯವರ ಲೆಕ್ಕ. ವೇಗಕ್ಕೆ ಪೂರ್ತಿ ಮಾರ್ಕ್ಸು. ಆದರೆ ಸೈರನ್ ಹೊಡೆದುಕೊಂಡು, ಲಾಠಿಯಲ್ಲಿ ಬಾಗಿಲು ಬಡಿದು "ಯಾವನೋ ಅವನು, ಬಾರೋ ಆಚೆ" ಅಂತ ಬಂದರು. ತಮ್ಮನಿಗೆ ಇವರು ಕೆಇಬಿಯವರು, ಮೀಟರ್ ಕಿತ್ತುಕೊಂಡು ಹೋಗಲು ಬಂದಿದ್ದಾರೆ ಅನಿಸಿದೆ. "ಐಡಿ ಕಾರ್ಡ್ ತೋರ್ಸಿ" ಅಂದ. ಕೈಯಲ್ಲಿ ಸುತ್ತಿಗೆ ಬೇರೆ. ಮೀನಖಂಡಕ್ಕೆ ಎರಡು ಬಿತ್ತು. ಅಮ್ಮ ಒಳಗಿನಿಂದ "ಅವನಿಗೆ ಹುಷಾರಿಲ್ಲ, ನಿಮ್ಹಾನ್ಸ್ ಚೀಟಿ ಇದೆ" ಅಂತ ಕೂಗುತ್ತಲೇ ಇದ್ದಳಂತೆ. ಚಿಲಕ ತೆಗೆಯುವ ಹೊತ್ತಿಗೆ ಅವನು ಗಾಡಿಯಲ್ಲಿದ್ದ.

ನಾನು ಠಾಣೆಗೆ ಹೋದಾಗ ಲಾಕಪ್ಪಿನೊಳಗೆ ಕೂತಿದ್ದ. ಬಾಗಿಲು ತೆಗೆದೇ ಇತ್ತು. ಬಾಗಿಲು ತೆಗೆದಿದ್ದರೆ ಅದು ಲಾಕಪ್ಪಿಗೆ ಹಾಕಿದ ಲೆಕ್ಕವಲ್ಲವಂತೆ, ಒಬ್ಬರು ನನಗೆ ಬಿಡಿಸಿ ಹೇಳಿದರು. ಚೀಟಿ ತೋರಿಸಿದೆ. "ಇದೆಲ್ಲಾ ಮನೆ ಒಳಗಿನ ವಿಷಯ ಮೇಡಂ, ತಾಯಿ ಕಂಪ್ಲೇಂಟ್ ಕೊಟ್ರೆ ಕೇಸ್ ಮಾಡ್ತೀವಿ, ಇಲ್ಲಾಂದ್ರೆ ಮುಚ್ಚಳಿಕೆ ಬರೆದುಕೊಟ್ಟು ಕರ್ಕೊಂಡು ಹೋಗಿ." ಆಸ್ಪತ್ರೆಗೆ ಗಾಡಿ ಕೊಡ್ತೀರಾ ಅಂದೆ. ಅದು ನಮ್ಮ ಕೆಲಸ ಅಲ್ಲ ಅಂದರು. ಅದು ಅವರ ಕೆಲಸವೇ ಅಂತ ನನಗೂ ಅವತ್ತು ಗೊತ್ತಿರಲಿಲ್ಲ.

ಮುಚ್ಚಳಿಕೆ ಅಂದರೆ ಗೊತ್ತಲ್ಲ, ಇನ್ನು ಮುಂದೆ ಗಲಾಟೆ ಮಾಡುವುದಿಲ್ಲ, ಮಾಡಿದರೆ ಕಾನೂನು ಕ್ರಮಕ್ಕೆ ಬದ್ಧ ಅಂತ ನಾಲ್ಕು ಸಾಲು. ಅದನ್ನು ಅವನ ಕೈಯಿಂದಲೇ ಬರೆಸಿ ಅಂದರು. ಮೂರು ರಾತ್ರಿ ನಿದ್ದೆಯಿಲ್ಲದೆ, ತಲೆಯಲ್ಲಿ ಹತ್ತು ರೈಲು ಓಡುತ್ತಿರುವವನ ಕೈಗೆ ಪೆನ್ನು, ಬಿಳಿ ಹಾಳೆ! 11 ಪುಟ ಬರೆದ. ಅರ್ಥಿಂಗ್ ಪಿಟ್ಟಿನ ಡಯಾಗ್ರಾಮ್, ಇದ್ದಿಲು ಎಷ್ಟು, ಉಪ್ಪು ಎಷ್ಟು, ಠಾಣೆಯ ಬೋರ್ಡಿನಲ್ಲಿ ನ್ಯೂಟ್ರಲ್ ಎಲ್ಲಿ ಸಡಿಲವಾಗಿದೆ, ಎಲ್ಲಾ. ರೈಟರ್ ಮೂರನೇ ಪುಟದಲ್ಲಿ ಸಾಕು ಅಂದರು, ಐದನೆಯದರಲ್ಲಿ ಬೈದರು, ಆಮೇಲೆ ಸುಮ್ಮನೆ ಹಾಳೆ ಕೊಡುತ್ತಾ ಕೂತರು. ಕೊನೇ ಹಾಳೆಯ ಕೆಳಗೆ ನನ್ನ ಸಹಿ. ಕಾಫಿಗೆ ಅಂತ ಐನೂರು. ರಾತ್ರಿ ಹನ್ನೆರಡೂಕಾಲಿಗೆ ಅದೇ ಸ್ಥಿತಿಯಲ್ಲಿ, ಅದೇ ಕರೆಂಟಿಲ್ಲದ, ತಂತಿ ನೇತಾಡುವ ಮನೆಗೆ ಅವನನ್ನು ಬಿಟ್ಟರು. ಒಂದು ಸ್ಟಾರ್ 14 ನಿಮಿಷಕ್ಕೆ ಮಾತ್ರ.

ಮೂರನೇ ದಿನ ಸೋದರಮಾವ ಬಂದು ಹೇಗೋ ಒಪ್ಪಿಸಿ ಆಸ್ಪತ್ರೆ ಕಾಣಿಸಿದರು. ಆ ಕಥೆ ಬೇಡ.

ಎರಡು ರಾತ್ರಿಗಳ ನಡುವೆ ನಾನು ಕಲಿತದ್ದನ್ನು ಮಾತ್ರ ಹೇಳುತ್ತೇನೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿ ಚೀಟಿ ಬರೆಸಲು ಹೋದಾಗ ಸೋಷಿಯಲ್ ವರ್ಕರ್ ಒಬ್ಬರು ನನ್ನ ದೂರನ್ನೆಲ್ಲಾ ಕೇಳಿ, "ಸೆಕ್ಷನ್ 100 ಓದಿದೀರಾ?" ಅಂದರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಕೋರ್ಟ್ ಪಕ್ಕ ಅಂಗಡಿ ಇಟ್ಟುಕೊಂಡು ಓದಿರಲಿಲ್ಲ. ಅಂಗಡಿಗೆ ಬರುವ ವಕೀಲರೊಬ್ಬರಿಂದ ತರಿಸಿಕೊಂಡು ಓದಿದೆ. ಬೀದಿಯಲ್ಲಿ ಅಲೆಯುವವರು ಮಾತ್ರವಲ್ಲ, ಮಾನಸಿಕ ಕಾಯಿಲೆಯಿಂದ ತನಗೋ ಇನ್ನೊಬ್ಬರಿಗೋ ಅಪಾಯ ಮಾಡಿಕೊಳ್ಳುವಂತಿರುವ ಯಾರೇ ಠಾಣೆಯ ವ್ಯಾಪ್ತಿಯಲ್ಲಿ ಕಂಡರೂ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಬಾಗಿಲು ತೆಗೆದಿದ್ದರೆ ಪರವಾಗಿಲ್ಲ ಅಂತ ಎಲ್ಲೂ ಬರೆದಿಲ್ಲ, ಎರಡು ಸಲ ನೋಡಿದೆ.

ಆ ಸೆಕ್ಷನ್ನಿನ ಪುಟ, ಅದರ ಹಿಂದೆ ತಮ್ಮನ ಡಿಸ್ಚಾರ್ಜ್ ಸಮರಿ ಇಟ್ಟು ಲ್ಯಾಮಿನೇಷನ್ ಮಾಡಿದೆ. ಅಮ್ಮನ ಮನೆಯ ಫ್ರಿಜ್ಜಿನ ಮೇಲೆ ಒಂದು, ನನ್ನ ಬ್ಯಾಗಲ್ಲಿ ಒಂದು. ಸೋಷಿಯಲ್ ವರ್ಕರ್ ಹೇಳಿದ ಇನ್ನೊಂದು ಮಾತು: "ಫೋನಲ್ಲಿ ಗಲಾಟೆ ಅನ್ನೋ ಪದ ಮೊದಲು ಬರಬಾರದಮ್ಮ, ಪೇಷೆಂಟ್ ಅನ್ನೋದು ಬರಬೇಕು. ಮೊದಲು ಯಾವ ಪದ ಕಿವಿಗೆ ಬೀಳುತ್ತೋ ಅದನ್ನೇ ಹಿಡ್ಕೊಂಡು ಬರ್ತಾರೆ."

ಎರಡನೇ ರಾತ್ರಿ ದೀಪಾವಳಿಗೆ ಎರಡು ದಿನ ಮುಂಚೆ. ಈ ಸಲ ಅವನು ಮಾತ್ರೆ ಬಿಟ್ಟದ್ದಕ್ಕೆ ಕಾರಣವಿತ್ತು. ಲಿಥಿಯಂಗೆ ಕೈ ಸಣ್ಣಗೆ ನಡುಗುತ್ತದೆ. ನಮಗೆ ಅದು ಕಾಫಿ ಲೋಟ ಅಲ್ಲಾಡಿದಷ್ಟೇ, ಅವನಿಗೆ ಹೊಟ್ಟೆಪಾಡು. ಟರ್ಮಿನಲ್ಲಿಗೆ ಸ್ಕ್ರೂ ಹಿಡಿಯಲು ಆಗುತ್ತಿಲ್ಲ ಅಂತ ಯಾರಿಗೂ ಹೇಳದೆ ಅರ್ಧ ಮಾಡಿ, ಆಮೇಲೆ ಪೂರ್ತಿ ಬಿಟ್ಟಿದ್ದ. ಅವತ್ತು ಸಂಜೆ ನಾನು ಹೋದಾಗ ಅಂಗಳದಲ್ಲಿ 25 ಕೆಜಿಯ ಹರಳುಪ್ಪಿನ ಮೂಟೆ ಆರು. ಒಳಗೆ ಇಡ್ಲಿ ಸ್ಟ್ಯಾಂಡಿನ ತಟ್ಟೆಗಳು ಸಾಲಾಗಿ, ಒಂದೊಂದು ಕುಳಿಯಲ್ಲಿ ಒಂದೊಂದು ಅಳತೆಯ ಸ್ಕ್ರೂ. ಅಷ್ಟು ಅಚ್ಚುಕಟ್ಟಾಗಿ ನಾನು ಇಡ್ಲಿ ಹಿಟ್ಟೂ ಹೊಯ್ದಿಲ್ಲ.

ಮೊದಲು 14416ಕ್ಕೆ ಮಾಡಿದೆ. ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲೂ ರಾತ್ರಿ ಇರುತ್ತದೆ. ಎತ್ತಿದ ಹೆಣ್ಣುಮಗಳು ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದಳು: ಮನೆಯಲ್ಲಿ ಒಬ್ಬರೇ ಮಾತಾಡಿ, ವಾದ ಮಾಡಬೇಡಿ, ಚೂಪು ಸಾಮಾನು ಸರಿಸಿ, ಅಪಾಯ ಅನಿಸಿದರೆ ತಡಮಾಡದೆ 112ಕ್ಕೆ ಮಾಡಿ. ಎಲೆಕ್ಟ್ರಿಷಿಯನ್ ಮನೆಯಲ್ಲಿ ಚೂಪು ಸಾಮಾನು ಸರಿಸುವುದು ಅಂದರೆ ಮನೆಯನ್ನೇ ಸರಿಸಬೇಕು. ಆದರೂ ಒಂದು ಗಂಟೆ ಚೆನ್ನಾಗೇ ಹೋಯಿತು. ಒಂಬತ್ತೂವರೆಗೆ ಏಣಿ ಎತ್ತಿಕೊಂಡು, ಬೀದಿ ತುದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಹತ್ತಿ ನ್ಯೂಟ್ರಲ್ ಸರಿಮಾಡುತ್ತೇನೆ ಅಂತ ಹೊರಟ. ಅಡ್ಡ ಬಂದ ಅಮ್ಮನನ್ನು ತಳ್ಳಿದ. ಅವಳ ಬಳೆ ಒಡೆದು ಮಣಿಕಟ್ಟಲ್ಲಿ ರಕ್ತ. ಅವಳು ಎದ್ದು ಹೋಗಿ ಏಣಿಯ ಬುಡ ತಬ್ಬಿಕೊಂಡು ಕೂತಳು.

ಆಂಬುಲೆನ್ಸ್ ಒಂದಕ್ಕೆ ಮಾಡಿದೆ. ಪೊಲೀಸರು ಇದ್ದರೆ ಬರುತ್ತೇವೆ ಅಂದರು. 112ಕ್ಕೆ ಮಾಡಿ ಒಂದೇ ಉಸಿರಿಗೆ ಹೇಳಿದೆ: "ಮಾನಸಿಕ ಕಾಯಿಲೆ ಪೇಷೆಂಟ್, ನನ್ನ ತಮ್ಮ. ಕುಡಿದಿಲ್ಲ. ಕೈಯಲ್ಲಿ ಕಟಿಂಗ್ ಪ್ಲೇಯರ್ ಇದೆ. ಟ್ರಾನ್ಸ್‌ಫಾರ್ಮರ್ ಹತ್ತಕ್ಕೆ ಹೋಗ್ತಿದಾನೆ, ತನಗೇ ಅಪಾಯ ಮಾಡ್ಕೋತಾನೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಸೈರನ್ ಹಾಕ್ಬೇಡಿ." ಆ ಕಡೆಯವರು ವಿಳಾಸ, ಗುರುತಿಗೆ ಏನಿದೆ ಅಂತ ಕೇಳಿ, "ಸೈರನ್ ಬೇಡ ಅಂತ ತಿಳಿಸ್ತೀನಿ ಮೇಡಂ" ಅಂದರು.

17 ನಿಮಿಷ. ಮೊದಲಿಗಿಂತ ಮೂರು ಜಾಸ್ತಿ, ಬೇಕಾದವರು ಅದಕ್ಕೆ ಮಾರ್ಕ್ಸು ಕಳೆಯಿರಿ. ಗಾಡಿ ಅರಳೀಕಟ್ಟೆ ಹತ್ತಿರವೇ ನಿಂತಿತು, ದೀಪ ಆರಿಸಿಕೊಂಡು. ಇಳಿದವರು ಒಬ್ಬ ಎಎಸ್‌ಐ, ಐವತ್ತು ದಾಟಿದ ಮನುಷ್ಯ, ಒಬ್ಬಳು ಹುಡುಗಿ ಪಿಸಿ, ಡ್ರೈವರ್. ಎಎಸ್‌ಐ ಲಾಠಿ ಸೀಟಿನ ಮೇಲೇ ಬಿಟ್ಟರು, ಟೋಪಿ ತೆಗೆದು ಅದರ ಪಕ್ಕ ಇಟ್ಟರು. ಬಂದವರು ತಮ್ಮನ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರ ಬಂದು ಕೇಳಿದ ಮೊದಲ ಪ್ರಶ್ನೆ, "ಹೆಸರು ಏನಂತ ಕರೀತೀರಾ ಮನೇಲಿ?" ಎರಡನೆಯದು, "ಊಟ ಮಾಡಿದಾನಾ?" ಲ್ಯಾಮಿನೇಷನ್ ಹಾಳೆ ಚಾಚಿದೆ. ಟಾರ್ಚ್ ಬಿಟ್ಟು ಹಿಂದಿನ ಪುಟ ಮಾತ್ರ ಓದಿದರು, ಕಾಯಿಲೆಯದ್ದು. "ಮುಂದಿನದು ಗೊತ್ತಮ್ಮ" ಅಂದರು.

ಆಮೇಲೆ ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನನ್ನು ಬಿಟ್ಟು ವಿದ್ಯುತ್ ಕಚೇರಿಗೆ ಫೋನ್ ಮಾಡಿದರು. ಎರಡು ನಿಮಿಷದಲ್ಲಿ ಇಡೀ ಬೀದಿ ಕತ್ತಲು. ಆಚೀಚೆ ಮನೆಯವರ ಗೊಣಗಾಟ, ಯಾರದೋ ಸೀರಿಯಲ್ ಅರ್ಧಕ್ಕೆ ನಿಂತಿತು. ಏಣಿಯ ನಾಲ್ಕನೇ ಮೆಟ್ಟಿಲಿನಿಂದ ತಮ್ಮ ಕೂಗಿದ:

"ಯಾರು ಆಫ್ ಮಾಡಿದ್ದು? ಲೈನ್ ಕ್ಲಿಯರ್ ತಗೊಂಡಿದೀರಾ?"

"ತಗೊಂಡಿದೀವಪ್ಪ, ಎಲ್‌ಸಿ ತಗೊಂಡೇ ಬಂದಿದೀವಿ."

ಎಲ್‌ಸಿ, ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದೆ, ಕೆಲಸ ಮಾಡಬಹುದು ಅನ್ನುವ ಒಪ್ಪಿಗೆ. ಕರೆಂಟಿನ ಕೆಲಸದವರಿಗೆ ಅದು ದೇವರ ಪ್ರಸಾದ ಇದ್ದ ಹಾಗೆ, ಅದಿಲ್ಲದೆ ಯಾರೂ ಕಂಬ ಮುಟ್ಟುವುದಿಲ್ಲ. ಆ ಮಾತು ಕೇಳಿ ಅವನು ಇಳಿದ. ಎಎಸ್‌ಐ ಅಲ್ಲಿಂದ ಹೊರಟು ನಮ್ಮ ಮನೆ ಮೆಟ್ಟಿಲ ಮೇಲೆ ಕೂತರು, ಇವನು ಹಿಂದೆಯೇ ಬಂದ. "ಏನಪ್ಪ, ನಮ್ಮ ಕ್ವಾರ್ಟರ್ಸಲ್ಲಿ ಫ್ರಿಜ್ ಮುಟ್ಟಿದ್ರೆ ಜುಂ ಅನ್ನುತ್ತೆ ಕಣೋ, ನಮ್ಮ ಮನೆಯವರು ಚಪ್ಪಲಿ ಹಾಕ್ಕೊಂಡೇ ಹಾಲು ತೆಗೀತಾರೆ. ಏನ್ ಕಾರಣ ಇರ್ಬೋದು?" ಇವನು ಶುರುಮಾಡಿದ. ಟೆಸ್ಟರ್ ಇಟ್ಟು ನೋಡಿದ್ರಾ, ಮೂರು ಪಿನ್ನಿನ ಸಾಕೆಟ್ಟಾ, ಅರ್ಥ್ ಪಿಟ್‌ಗೆ ನೀರು ಯಾವಾಗ ಹಾಕಿದ್ದು. ಎಎಸ್‌ಐ ಇಡ್ಲಿ ತಟ್ಟೆ ತೊಡೆ ಮೇಲೆ ಇಟ್ಟುಕೊಂಡು ಟಾರ್ಚಲ್ಲಿ ಒಂದೊಂದೇ ಸ್ಕ್ರೂ ಎತ್ತಿ ನೋಡುತ್ತಿದ್ದರು. ಹುಡುಗಿ ಪಿಸಿ ಅಷ್ಟರಲ್ಲಿ ಅಮ್ಮನನ್ನು ಒಳಗೆ ಕರೆದೊಯ್ದು ಕೈ ತೊಳೆಸಿ ಬಟ್ಟೆ ಕಟ್ಟಿದಳು. ಹೀಗೆ 50 ನಿಮಿಷ. ಈ 50 ನಿಮಿಷದಲ್ಲಿ ಅವರು ಇನ್ನೆರಡು ಕಾಲ್ ಮುಗಿಸಬಹುದಿತ್ತು.

ನಮ್ಮ ಯಜಮಾನರು ಕಿವಿಯಲ್ಲಿ ಹೇಳಿದರು, "ಸಾರ್, ದೇವಸ್ಥಾನಕ್ಕೆ ಅಂತ ಹೇಳಿ ಹತ್ತಿಸಿಬಿಡೋಣ." ಎಎಸ್‌ಐ ತಲೆಯಾಡಿಸಿದರು. "ಇವತ್ತು ಸುಳ್ಳು ಹೇಳಿದ್ರೆ ಮುಂದಿನ ಸಲ ನಮ್ಮ ಗಾಡಿ ಹತ್ತಲ್ಲ." ಅವನ ಕಡೆ ತಿರುಗಿ ನೇರವಾಗೇ ಹೇಳಿದರು: ನಿದ್ದೆ ಮಾಡಿ ನಾಲ್ಕು ದಿನ ಆಗಿದೆ, ಅಮ್ಮನಿಗೆ ಗಾಯ ಆಗಿದೆ, ನಿನಗೂ ಅಪಾಯ, ಅದಕ್ಕೆ ಆಸ್ಪತ್ರೆಗೆ ಹೋಗ್ತಿದೀವಿ, ಸ್ಟೇಷನ್ನಿಗಲ್ಲ. ಅವನು ಅತ್ತ. ಆಮೇಲೆ "ಟೆಸ್ಟರ್ ತರಬಹುದಾ?" ಅಂದ. ಚೂಪು ಸಾಮಾನು, ಬೇಡ ಅನ್ನಬೇಕಿತ್ತು. ಅವರು ಅದನ್ನು ಇಸಿದುಕೊಂಡು ತಮ್ಮ ಜೇಬಿಗೆ ಸಿಕ್ಕಿಸಿಕೊಂಡು, "ನನ್ನ ಹತ್ರ ಇರ್ಲಿ, ಜೊತೇಲೇ ಬರ್ತಿದೀನಲ್ಲ" ಅಂದರು. ಕೈಗೆ ಬೇಡಿಯಿಲ್ಲ, ಹಗ್ಗವಿಲ್ಲ. ಪಕ್ಕದಲ್ಲಿ ನಾನು ಕೂತೆ.

ನಾಲ್ಕೇ ಸ್ಟಾರ್ ಯಾಕೆ ಅಂತಲೂ ಹೇಳಬೇಕು. ಗಾಡಿ ಹೊರಡುವಾಗ ಆ ಹುಡುಗಿ ವೈರ್‌ಲೆಸ್‌ನಲ್ಲಿ "ಮೆಂಟಲ್ ಕೇಸ್, ಆಸ್ಪತ್ರೆಗೆ ಶಿಫ್ಟ್ ಮಾಡ್ತಿದೀವಿ" ಅಂತ ಹೇಳಿದಳು. ಅಷ್ಟು ಚೆನ್ನಾಗಿ ಅಮ್ಮನನ್ನು ನೋಡಿಕೊಂಡವಳು! ಅವನಿಗೆ ಕೇಳಿಸಿತು. ಈಗಲೂ "ನಾನು ಎಲೆಕ್ಟ್ರಿಕಲ್ ಕೇಸ್ ಅಲ್ವಾ" ಅಂತ ನಗುತ್ತಾನೆ, ಆದರೆ ಆ ಪದ ಮರೆತಿಲ್ಲ. ಇನ್ನೊಂದು, ಆಸ್ಪತ್ರೆಯ ಆಚೆಗೆ ಇವರ ಹತ್ತಿರ ವ್ಯವಸ್ಥೆಯಿಲ್ಲ. ಡ್ಯೂಟಿ ಡಾಕ್ಟರು ಸೈಕಿಯಾಟ್ರಿಸ್ಟ್ ಇಲ್ಲ, ಬೆಳಿಗ್ಗೆ ಬನ್ನಿ ಅಂದರು. ಎಎಸ್‌ಐ ದನಿ ಏರಿಸದೆ, "ಸಾರ್, ನಾನು ವಾಪಸ್ ಠಾಣೆಗೆ ಕರ್ಕೊಂಡು ಹೋಗೋ ಹಾಗಿಲ್ಲ" ಅಂತ ಮೆಮೊ ಬರೆದು ಮುಂದಿಟ್ಟರು. ಅದೇ ಕಾಯ್ದೆಯ ಸೆಕ್ಷನ್ 94ರಲ್ಲಿ ತುರ್ತು ಚಿಕಿತ್ಸೆಯನ್ನು ಯಾವ ನೋಂದಾಯಿತ ವೈದ್ಯರೂ 72 ಗಂಟೆಯವರೆಗೆ ಕೊಡಬಹುದು, ಮನೋವೈದ್ಯರೇ ಆಗಬೇಕೆಂದಿಲ್ಲ, ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಪೇಷೆಂಟ್ ಪರವಾಗಿ ನಿಲ್ಲುವವರು, ಸಿಕ್ಕಿದರೆ ಅವರ ಒಪ್ಪಿಗೆ ಬೇಕು. ನಾನು ಸಹಿ ಹಾಕಿದೆ, ಹ್ಯಾಲೊಪೆರಿಡಾಲ್, ಪ್ರೊಮೆಥಜಿನ್ ಎರಡು ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನದ ಮೇಲೆ ಅವನ ಕಣ್ಣು ಮುಚ್ಚಿತು. ನಿಮ್ಹಾನ್ಸ್‌ಗೆ ಬರೆದುಕೊಟ್ಟರು, ಆದರೆ ಗಾಡಿ ನಾವೇ ನೋಡಿಕೊಳ್ಳಬೇಕು. ಖಾಸಗಿ ಆಂಬುಲೆನ್ಸ್‌ಗೆ 5,500. ಠಾಣೆಯಿಂದ ಬಂದವರು ಯಾರೂ ಒಂದು ಕಾಫಿಯನ್ನೂ ಕುಡಿಯಲಿಲ್ಲ, ಅದನ್ನೂ ಬರೆಯಬೇಕು. ಟೆಸ್ಟರನ್ನು ಎಎಸ್‌ಐ ನನ್ನ ಕೈಗೆ ಕೊಟ್ಟು ಹೋದರು.

ನೆಲಮಂಗಲದ ಟೋಲ್ ಹತ್ತಿರ ಬೆಳಕು ಹರಿಯಿತು. ನಿಮ್ಹಾನ್ಸ್‌ನಲ್ಲಿ ಸೆಕ್ಷನ್ 89ರ ಕೆಳಗೆ ಸೇರಿಸಿಕೊಂಡರು, 30 ದಿನದವರೆಗೆ ಇಟ್ಟುಕೊಳ್ಳಬಹುದಾದ ದಾಖಲಾತಿ ಅದು. ಅವನು ಇದ್ದದ್ದು 19 ದಿನ. ಕೈ ನಡುಗುವ ವಿಷಯ ಈ ಸಲ ಬಾಯಿಬಿಟ್ಟು ಹೇಳಿದ, ಡಾಕ್ಟರು ಮಾತ್ರೆ ಹೊಂದಿಸಿದರು.

ಈ ಸೇವೆಯನ್ನು ಬಳಸಬೇಕಾಗಿ ಬರುವವರಿಗೆ, ಅಂದರೆ ಬಳಸುವ ಆಸೆ ಯಾರಿಗೂ ಇರುವುದಿಲ್ಲ: ಎಎಸ್‌ಐ ಯಾರು ಬರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅವರು ಯಾವುದೋ ತರಬೇತಿಯಲ್ಲಿ ಕಲಿತದ್ದಾ ಅಂತ ಆಮೇಲೆ ಒಮ್ಮೆ ಕೇಳಿದೆ. "ನಮ್ಮಕ್ಕನ ಮಗ ಒಬ್ಬ ಹಿಂಗೇ ಇದಾನಮ್ಮ" ಅಂದರು, ಅಷ್ಟೇ. ಫೋನಲ್ಲಿ ಏನು ಹೇಳುತ್ತೀರಿ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ. ಕಾಯಿಲೆಯ ಹೆಸರು, ಕುಡಿದಿದ್ದಾರೋ ಇಲ್ಲವೋ, ಕೈಯಲ್ಲೇನಿದೆ, ಆಸ್ಪತ್ರೆಗೆ ಹೋಗಬೇಕು ಅನ್ನುವುದು. ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ, ನಾಚಿಕೆ ಬೇಡ. ನಾವು ನಾಚಿಕೊಂಡು ಮುಚ್ಚಿಟ್ಟದ್ದಕ್ಕೇ ಅವರು ಕುಡಿದಿದ್ದಾನೆ ಅಂದುಕೊಂಡರು.

ಜನವರಿಯಲ್ಲಿ ಲ್ಯಾಮಿನೇಷನ್ ಮಾಡಿದ ಹಾಳೆ ಒಂದನ್ನು ಠಾಣೆಗೆ ಕೊಡಲು ಹೋದೆ. ಎಎಸ್‌ಐಗೆ ವರ್ಗವಾಗಿತ್ತು, ಫ್ರಿಜ್ ಸರಿಹೋಯಿತೋ ಇಲ್ಲವೋ ಗೊತ್ತಿಲ್ಲ. ಮುಚ್ಚಳಿಕೆ ಬರೆಸಿಕೊಂಡ ಅದೇ ರೈಟರ್ ಕೂತಿದ್ದರು. ಹಾಳೆ ತಿರುಗಿಸಿ ನೋಡಿ ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಹೊರಡುವಾಗ, "ನಿಮ್ಮ ತಮ್ಮ ಬರೆದದ್ದು ಫೈಲಲ್ಲಿ ಹಾಗೇ ಇದೆ ಮೇಡಂ, ಅಂಥ ಮುಚ್ಚಳಿಕೆ ನನ್ನ ಸರ್ವಿಸಲ್ಲೇ ನೋಡಿಲ್ಲ" ಅಂದರು. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅದರ ಝೆರಾಕ್ಸ್ ಬೇಕಂತೆ. ಉಳಿದದ್ದೆಲ್ಲಾ ಹುಚ್ಚು, ಆದರೆ ಏಳನೇ ಪುಟದ ಡಯಾಗ್ರಾಮ್ ಸರಿಯಾಗೇ ಇತ್ತು, ಠಾಣೆಯ ನ್ಯೂಟ್ರಲ್ ನಿಜವಾಗಲೂ ಸಡಿಲ ಇದೆ ಅಂತಿದ್ದಾನೆ.